ಟೈ ರಾಡ್ ಎಂಡ್ ಮನೆಯಲ್ಲೇ ಬದಲಿಸಿದೆ: 650 ರೂಪಾಯಿಯ ಪುಲ್ಲರ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 650 ರೂಪಾಯಿ ಕೊಟ್ಟು ತಂದ ಬಾಲ್ ಜಾಯಿಂಟ್ ಪುಲ್ಲರ್ ಇದು. ಕಚ್ಚಿಕೊಂಡ ಜಾಯಿಂಟನ್ನು ಒತ್ತಿ ಬಿಡಿಸೋ ಸಾಧನ. ಎರಡು ದವಡೆ, ಮಧ್ಯೆ ಒಂದು ಉದ್ದ ಬೋಲ್ಟ್, ಅಷ್ಟೇ. ಪೆಟ್ಟಿಗೆ ಮೇಲೆ ದೊಡ್ಡ ಬ್ರ್ಯಾಂಡಿನ ಹೆಸರೇನೂ ಇಲ್ಲ. ಆದರೆ ಇದು ಇಲ್ಲದೆ ನನ್ನ 2012ರ ವ್ಯಾಗನ್‌ಆರ್‌ನ ಎರಡೂ ಟೈ ರಾಡ್ ಎಂಡ್ ಬದಲಿಸೋಕೆ ನನ್ನಿಂದ ಆಗುತ್ತಿರಲಿಲ್ಲ. ಟೈ ರಾಡ್ ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ತಿರುಗಿಸೋ ಕಂಬಿ, ಅದನ್ನು ಚಕ್ರದ ಕಡೆ ಸೇರಿಸೋ ತುದಿಯ ಬಾಲ್ ಜಾಯಿಂಟೇ ಎಂಡ್. ಸುತ್ತಿಗೆಯಲ್ಲಿ ಬಡಿದು ತೆಗೆಯೋ ಯೋಚನೆಯಲ್ಲಿ ಇರುವವರು ಇದನ್ನು ಓದಿ ಆಮೇಲೆ ಕೆಲಸಕ್ಕೆ ಇಳಿಯಿರಿ.

ನಮ್ಮ ಮನೆ ಶಿವಮೊಗ್ಗದಲ್ಲಿ. ಉಡುಪಿಯಲ್ಲಿ ಒಂದು ಮದುವೆ ಇತ್ತು ಅಂತ ತೀರ್ಥಹಳ್ಳಿ ಮೇಲೆ ಹೋಗಿ ಆಗುಂಬೆ ಘಾಟಿ ಇಳಿಯುತ್ತಿದ್ದೆವು. ಹದಿನಾಲ್ಕು ಹೇರ್‌ಪಿನ್ ತಿರುವು ಇರೋ ರಸ್ತೆ, ಗೊತ್ತಲ್ಲ. ಪ್ರತಿ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ವಾಪಸ್ ತರುವಾಗ ಎಡಗಡೆಯಿಂದ ಒಂದು 'ಕಟಕ್' ಸದ್ದು. ಗುಂಡಿ ಸಿಕ್ಕಿದರೂ ಅದೇ ಸದ್ದು. ಪಕ್ಕದಲ್ಲಿ ಅಪ್ಪ ಕೂತಿದ್ದರು. ಮೂವತ್ತು ವರ್ಷ ಬಸ್ ಓಡಿಸಿದವರು. ಸೋಮೇಶ್ವರದಲ್ಲಿ ಕಾಫಿಗೆ ನಿಲ್ಲಿಸಿದಾಗ ಡ್ರೈವರ್ ಸೀಟಿಗೆ ಬಂದು ಕೂತು ಸ್ಟೀರಿಂಗನ್ನು ಎರಡು ಬೆರಳಲ್ಲಿ ಆಚೆ ಈಚೆ ಅಲ್ಲಾಡಿಸಿದರು. "ಎಂಡ್ ಹೋಗಿದೆ ಕಣೋ. ವಾಪಸ್ ಬರುವಾಗ ನಿಧಾನ ಬಾ, ಮನೆಗೆ ಹೋದ ಮೇಲೆ ಮೊದಲು ಇದನ್ನ ನೋಡು" ಅಂದರು. ವಾಪಸ್ ಬರುವಾಗ ಇಡೀ ಘಾಟಿ ಸೆಕೆಂಡ್ ಗೇರಲ್ಲೇ ಹತ್ತಿದೆ. ಹಿಂದಿನ ಸೀಟಿನಲ್ಲಿ ಅಮ್ಮ, ನನ್ನ ಹೆಂಡತಿ, ಮಗಳು. ಆ ಜಾಯಿಂಟ್ ಕಳಚಿಕೊಂಡರೆ ಆ ಚಕ್ರ ಸ್ಟೀರಿಂಗಿನ ಮಾತೇ ಕೇಳುವುದಿಲ್ಲ ಅನ್ನೋದು ದಾರಿಯುದ್ದಕ್ಕೂ ತಲೆಯಲ್ಲಿತ್ತು.

ಊರಿಗೆ ಬಂದು ಒಂದು ಗ್ಯಾರೇಜಿಗೆ ತೋರಿಸಿದೆ. ಗಾಡಿ ಎತ್ತಿ ಒಂದೇ ನಿಮಿಷ ನೋಡಿ, ಸ್ಟೀರಿಂಗ್ ರ‍್ಯಾಕ್ (ಎರಡೂ ಟೈ ರಾಡನ್ನು ಎಳೆದು ತಳ್ಳೋ ಭಾಗ) ಪೂರ್ತಿ ಬದಲಿಸಬೇಕು, 11 ಸಾವಿರ ಆಗುತ್ತೆ ಅಂದರು. ಯಾಕೆ ರ‍್ಯಾಕ್ ಅಂತ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ನನಗೆ ಬೇಜಾರಾಯಿತು. ಗಾಡಿ ವಾಪಸ್ ತಂದು ಮನೆಯಲ್ಲೇ ಪರೀಕ್ಷೆ ಮಾಡಿದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಮುಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಎರಡು ಕೈ ಇಟ್ಟು ಚಕ್ರವನ್ನು ಆಚೆ ಈಚೆ ಆಡಿಸಿ. ಸಡಿಲ ಇದ್ದರೆ ಅದು ಹೆಚ್ಚಾಗಿ ಟೈ ರಾಡ್ ಕಡೆಯದು. ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದಾಗಲೂ ಆಡಿದರೆ ವೀಲ್ ಬೇರಿಂಗನ್ನೋ ಕೆಳಗಿನ ಬಾಲ್ ಜಾಯಿಂಟನ್ನೋ ನೋಡಬೇಕು. ಆಮೇಲೆ ಗಾಡಿ ಕೆಳಗಿಳಿಸಿ ಹೆಂಡತಿಗೆ ಸ್ಟೀರಿಂಗ್ ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸು ಅಂದೆ, ನಾನು ಬಗ್ಗಿ ಎಡಗಡೆ ಎಂಡಿನ ಮೇಲೆ ಬೆರಳಿಟ್ಟೆ. ರಾಡ್ ಮೊದಲು ಅಲ್ಲಾಡುತ್ತಿತ್ತು, ಒಂದು ಕ್ಷಣ ಬಿಟ್ಟು ಚಕ್ರ ಹಿಂಬಾಲಿಸುತ್ತಿತ್ತು. ಆ ಸಣ್ಣ 'ಟಿಕ್' ಬೆರಳಿಗೆ ಗೊತ್ತಾಗುತ್ತಿತ್ತು. ರ‍್ಯಾಕ್ ಕಡೆಯ ಒಳಗಿನ ಜಾಯಿಂಟನ್ನು ಅದನ್ನು ಮುಚ್ಚಿರೋ ರಬ್ಬರ್ ಕವಚದ (ಬೆಲ್ಲೋಸ್) ಮೇಲಿಂದಲೇ ಹಿಡಿದು ನೋಡಿದೆ, ಅದು ಗಟ್ಟಿ ಇತ್ತು. ಅಂದರೆ ಹೋಗಿದ್ದು ಹೊರಗಿನ ಎಂಡ್ ಮಾತ್ರ.

ಬೆಂಗಳೂರಲ್ಲಿ ಬೇರೆ ಕೆಲಸ ಇತ್ತು, ಹಾಗೇ ಜೆ.ಸಿ. ರಸ್ತೆಗೂ ಹೋದೆ. ಟೌನ್‌ಹಾಲಿಂದ ಮಿನರ್ವ ಸರ್ಕಲ್ ಕಡೆಗೆ ಹೋಗೋ ರಸ್ತೆ, ಎರಡೂ ಕಡೆ ಬಿಡಿಭಾಗದ ಅಂಗಡಿಗಳೇ. ಗಾಡಿ ತಗೊಂಡು ಹೋಗಬೇಡಿ, ನಿಲ್ಲಿಸೋಕೆ ಜಾಗ ಇಲ್ಲ. ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಬಂದು ನಡೆದು ಹೋಗಬಹುದು. ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ನಾನು ಹೋದ ಅಂಗಡಿ ಒಂದು ಸಣ್ಣ ಮಳಿಗೆ, ಕೌಂಟರಿನಲ್ಲಿ ವಯಸ್ಸಾದ ಒಬ್ಬರು. ಎಂಡ್ ಬೇಕು ಅಂದ ಕೂಡಲೇ ಅವರು ಕೇಳಿದ್ದು "ಆರ್‌ಸಿ ಫೋಟೋ ಇದೆಯಾ, ಚಾಸಿಸ್ ನಂಬರ್ ಹೇಳಿ" ಅಂತ. ವ್ಯಾಗನ್‌ಆರ್ ಅಂದರೆ ಎಲ್ಲಾ ವರ್ಷದ್ದೂ ಒಂದೇ ಅಲ್ಲ, ಸುಮ್ನೆ ತಗೊಂಡು ಹೋದರೆ ಥ್ರೆಡ್ ಕೂರಲ್ಲ ಅಂದರು. ಈ ಒಂದು ಮಾತಿಗೇ ಆ ಅಂಗಡಿ ಮೇಲೆ ನಂಬಿಕೆ ಬಂತು. ಮಾರುತಿ ಜೆನ್ಯುಯಿನ್ ಪಾರ್ಟ್ಸ್ ಪ್ಯಾಕೆಟ್ ತೆಗೆದು, ಹಾಲೋಗ್ರಾಮ್, ಪಾರ್ಟ್ ನಂಬರ್, ಎಂಆರ್‌ಪಿ ಮೂರೂ ತೋರಿಸಿ ಬಿಲ್ ಹಾಕಿ ಕೊಟ್ಟರು. ಎರಡಕ್ಕೆ 1,140 ರೂಪಾಯಿ. ಪಕ್ಕದಲ್ಲೇ ಅರ್ಧ ಬೆಲೆಯ, ಹೆಸರಿಲ್ಲದ ಎಂಡ್ ಕೂಡ ಇತ್ತು. ಸ್ಟೀರಿಂಗ್ ಮತ್ತು ಬ್ರೇಕಿನ ಸಾಮಾನಿನಲ್ಲಿ ಈ ಐನೂರು ರೂಪಾಯಿ ಉಳಿಸೋಕೆ ಹೋಗಬೇಡಿ. ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ, ಹಿಂದಿನವರು ಎಡಗಡೆ ಹಾಕಿಸಿದ್ದು ಅಂಥದ್ದೇ ಹೆಸರಿಲ್ಲದ ಎಂಡ್ ಅನ್ನೋದು ಆಮೇಲೆ ಬಿಚ್ಚಿದಾಗ ಗೊತ್ತಾಯಿತು.

ಪುಲ್ಲರ್ ವಿಷಯ ತೆಗೆದವರೂ ಅವರೇ. "ಹೇಗೆ ತೆಗೀತೀರಾ?" ಅಂತ ಕೇಳಿದರು. ಸುತ್ತಿಗೆ ಇದೆ ಅಂದೆ. ತಲೆ ಅಲ್ಲಾಡಿಸಿ ಒಳಗಿಂದ ಎರಡು ಬಗೆ ತಂದರು. ಒಂದು ಫೋರ್ಕ್, ಎರಡು ಹಲ್ಲಿನ ಬೆಣೆಯ ಹಾಗೆ ಇರುತ್ತದೆ, ಸಂದಿಗೆ ಇಟ್ಟು ಹಿಂದಿನಿಂದ ಹೊಡೆಯೋದು. ಅದು ರಬ್ಬರ್ ಬೂಟನ್ನು, ಅಂದರೆ ಜಾಯಿಂಟಿನ ಗ್ರೀಸ್ ಕಾಯೋ ಟೋಪಿಯನ್ನು, ಹರಿದು ಹಾಕುತ್ತದೆ. ಹಳೆಯದನ್ನು ಎಸೆಯೋದೇ ಆದರೆ ನಡೆಯುತ್ತದೆ, ಆದರೆ ಬೇರೆ ಕೆಲಸಕ್ಕೆ ಅಂತ ಒಳ್ಳೆ ಎಂಡನ್ನೇ ಬಿಚ್ಚಿ ಮತ್ತೆ ಹಾಕಬೇಕಾದರೆ ಕೆಟ್ಟಿತು. ಇನ್ನೊಂದು ಈ ದವಡೆ ಪುಲ್ಲರ್. ಇದನ್ನೇ ತಗೊಂಡೆ.

ಈಗ ಕೆಲಸಕ್ಕೆ ಬರೋಣ. ಸಿಮೆಂಟ್ ನೆಲ ಬೇಕೇ ಬೇಕು, ಮಣ್ಣಿನ ಮೇಲೆ ಜಾಕ್ ಹೂತು ವಾಲುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ವೀಲ್ ನಟ್ ನೆಲದ ಮೇಲೆ ಇರುವಾಗಲೇ ಸ್ವಲ್ಪ ಸಡಿಲ ಮಾಡಿ, ಆಮೇಲೆ ಎತ್ತಿ. ಗಾಡಿ ಜೊತೆ ಬರೋ ಜಾಕ್ ಸ್ಟೆಪ್ನಿ ಬದಲಿಸೋಕೆ ಮಾತ್ರ. ಅದರ ಮೇಲೆ ಗಾಡಿ ನಿಲ್ಲಿಸಿ ಪುಲ್ಲರ್ ತಿರುಗಿಸಬೇಡಿ, ಅಡಿಗೆ ಕೈ ತಲೆ ಹಾಕಬೇಡಿ. ಎರಡು ಜಾಕ್ ಸ್ಟ್ಯಾಂಡ್ ಇಟ್ಟೆ, ಜೊತೆಗೆ ಬಿಚ್ಚಿದ ಚಕ್ರವನ್ನೂ ಸಿಲ್ (ಬಾಗಿಲ ಕೆಳಗಿನ ಅಂಚು) ಕೆಳಗೆ ಮಲಗಿಸಿದೆ. ಈ ವಿಷಯದಲ್ಲಿ ಅಪ್ಪ ಬಹಳ ಕಟ್ಟುನಿಟ್ಟು. ನಾನು ಸ್ಟ್ಯಾಂಡ್ ಇಟ್ಟ ಮೇಲೂ ಅವರೇ ಬಂದು ಗಾಡಿಯನ್ನು ಗಟ್ಟಿಯಾಗಿ ಅಲ್ಲಾಡಿಸಿ ನೋಡಿ "ಈಗ ಕೈ ಹಾಕು" ಅಂದರು.

ಹಿಂದಿನ ರಾತ್ರಿಯೇ ಲಾಕ್ ನಟ್ಟಿಗೂ ಸ್ಟಡ್ಡಿನ (ಎಂಡಿನಿಂದ ಚಾಚಿ ಚಕ್ರದ ಕಡೆಯ ತೂತಿಗೆ ಕೂರೋ ಮೊಳೆಯಂಥ ಭಾಗದ) ನಟ್ಟಿಗೂ ತುಕ್ಕು ಬಿಡಿಸೋ ಎಣ್ಣೆ ಹೊಡೆದು ಬಿಟ್ಟಿದ್ದೆ. ಮಲೆನಾಡಿನ ಮಳೆ ಕಂಡ ಗಾಡಿಗೆ ಇದು ಬೇಕು, ಕರಾವಳಿಯವರಿಗಂತೂ ಎರಡು ದಿನ ಮೊದಲೇ ಶುರು ಮಾಡಿ ಅಂತ ಹೇಳುತ್ತೇನೆ. ಲಾಕ್ ನಟ್ ಅಂದರೆ ಎಂಡನ್ನು ರಾಡಿನ ಥ್ರೆಡ್ ಮೇಲೆ ಹಿಡಿದಿಡೋ ನಟ್. ಅದನ್ನು ಬಿಚ್ಚೋ ಮೊದಲು ಬಿಳಿ ವೈಟ್ನರಿನಿಂದ ಎಂಡ್, ನಟ್, ರಾಡ್ ಮೂರಕ್ಕೂ ಸೇರಿಸಿ ಒಂದು ಗೆರೆ ಎಳೆಯಿರಿ. ಎಂಡಿನ ಬಾಲಿನ (ಗುಂಡಿನ) ಮಧ್ಯದಿಂದ ಲಾಕ್ ನಟ್ಟಿನ ಮುಖದವರೆಗೆ ಸ್ಕೇಲಲ್ಲಿ ಅಳೆದು ಬರೆದಿಡಿ. ಎಂಡ್ ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಅಂತ ಎಣಿಸಿ. ನನ್ನದು ಎಡಗಡೆ ಹತ್ತೊಂಬತ್ತೂವರೆ ಸುತ್ತು, ಬಲಗಡೆ ಇಪ್ಪತ್ತು. ಮೂರೂ ಯಾಕೆ ಅಂದರೆ, ಹೊಸ ಎಂಡಿನ ಉದ್ದ ಹಳೆಯದಕ್ಕಿಂತ ಒಂಚೂರು ಬೇರೆ ಇದ್ದರೆ ಬರೀ ಸುತ್ತಿನ ಲೆಕ್ಕ ತಪ್ಪುತ್ತದೆ, ಆಗ ಅಳತೆ ಕೈ ಹಿಡಿಯುತ್ತದೆ. ಚಿಕ್ಕ ಕಾರುಗಳಲ್ಲಿ ಒಂದು ಪೂರ್ತಿ ಸುತ್ತು ಹೆಚ್ಚು ಕಡಿಮೆ ಆದರೆ ಚಕ್ರದ ದಿಕ್ಕು ಸುಮಾರು ಅರ್ಧ ಡಿಗ್ರಿ ಬದಲಾಗುತ್ತದೆ. ಕೇಳೋಕೆ ಸಣ್ಣದು, ಆದರೆ ಟಯರ್ ಸವೆಯೋಕೆ ಅಷ್ಟು ಸಾಕು.

ಸ್ಟಡ್ಡಿನ ನಟ್ ತಿರುಗದ ಹಾಗೆ ಅಡ್ಡ ತೂರಿಸಿ ಬಗ್ಗಿಸಿರೋ ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಎಳೆದೆ, ಅರ್ಧ ಮುರಿದು ಬಂತು, ಉಳಿದಿದ್ದನ್ನು ತೆಳು ಮೊಳೆಯಿಂದ ತಳ್ಳಿದೆ. ಸ್ಟಡ್ಡಿನ ನಟ್ ಬಿಚ್ಚುವಾಗ ಸ್ಟಡ್ಡೇ ಜೊತೆಗೆ ಸುತ್ತೋಕೆ ಶುರುವಾದರೆ ಗಾಬರಿ ಬೇಡ, ಎಂಡನ್ನು ನಕಲ್ ಆರ್ಮ್ (ಎಂಡ್ ಕೂರೋ, ಚಕ್ರದ ಕಡೆಯ ತೋಳು) ಕಡೆಗೆ ಬಲವಾಗಿ ಒತ್ತಿ ಹಿಡಿದರೆ ಅದು ತನ್ನ ತೂತಿನಲ್ಲಿ ಬಿಗಿಯಾಗಿ ಕೂತು ನಟ್ ಮಾತ್ರ ತಿರುಗುತ್ತದೆ. ನಟ್ ಪೂರ್ತಿ ತೆಗೆಯಬೇಡಿ. ಕೊನೆಯ ಎರಡು ಮೂರು ಥ್ರೆಡ್ ಮೇಲೆ ಬಿಡಿ, ಯಾಕೆ ಅಂತ ಈಗಲೇ ಗೊತ್ತಾಗುತ್ತದೆ.

ಎಂಡಿನ ಸ್ಟಡ್ ನೇರ ಕಂಬಿ ಅಲ್ಲ. ಒಂದು ಕಡೆ ದಪ್ಪ, ಹೋಗ್ತಾ ಹೋಗ್ತಾ ಸಣ್ಣ, ನಕಲ್ ಆರ್ಮಿನ ತೂತೂ ಅದೇ ಆಕಾರ. ಕೊಡಲಿ ಕಾವಿಗೆ ಬೆಣೆ ಬಡಿದ ಹಾಗೆ ವರ್ಷಗಟ್ಟಲೆ ಒಳಗೆ ಕಚ್ಚಿಕೊಂಡಿರುತ್ತದೆ. ನಟ್ ತೆಗೆದರೂ ಬೀಳುವುದಿಲ್ಲ. ಪುಲ್ಲರಿನ ಎರಡು ದವಡೆ ಆರ್ಮ್ ಹಿಂದೆ ಸಿಕ್ಕಿಸಿ, ಬೋಲ್ಟಿನ ತುದಿಯನ್ನು ಸ್ಟಡ್ಡಿನ ನಡುವಿಗೆ ಕೂರಿಸಿ, ಸ್ಪ್ಯಾನರಿನಿಂದ ತಿರುಗಿಸುತ್ತಾ ಹೋದೆ. ಮೊದಮೊದಲು ಹಗುರ. ಆಮೇಲೆ ಬಿಗಿ. ಆಮೇಲೆ ಸ್ಪ್ಯಾನರಿಗೆ ಮೈ ಭಾರ ಹಾಕಿದರೂ ಕಾಲು ಸುತ್ತು ಕಷ್ಟ. ಏನೂ ಆಗುತ್ತಿಲ್ಲ, ಬೋಲ್ಟ್ ಮಾತ್ರ ಕಿರ್ ಅನ್ನುತ್ತಿದೆ. ಅಲ್ಲಿಗೆ ನಿಲ್ಲಿಸಿ, ಆ ಬಿಗಿ ಹಾಗೇ ಇರಲಿ ಅಂತ ಬಿಟ್ಟು, ಆರ್ಮಿನ ಪಕ್ಕಕ್ಕೆ ಸಣ್ಣ ಸುತ್ತಿಗೆಯಿಂದ ಒಂದು ಏಟು ಕೊಟ್ಟೆ, ಎರಡು ಕೊಟ್ಟೆ. ಮೂರನೇ ಏಟಿಗೆ 'ಠಪ್!' ಅಂತ ಶಬ್ದ, ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಎಂಡ್ ಹಾರಿ ನಟ್ಟಿಗೆ ತಾಗಿ ನಿಂತಿತ್ತು. ನಟ್ ಬಿಡಿ ಅಂದಿದ್ದು ಇದಕ್ಕೇ. ಅದು ಇಲ್ಲದಿದ್ದರೆ ಪುಲ್ಲರ್ ಮುಖಕ್ಕೋ ಮೊಣಕಾಲಿಗೋ ಬರುತ್ತಿತ್ತು. ಕನ್ನಡಕ ಹಾಕಿಕೊಳ್ಳಿ.

ಬಿಚ್ಚಿದ ಎಂಡನ್ನು ಕೈಯಲ್ಲಿ ಹಿಡಿದಾಗ ನನಗೆ ಮೈ ಜುಮ್ ಅಂದಿತು. ಹೊಸದರ ಸ್ಟಡ್ಡನ್ನು ಹೆಬ್ಬೆರಳಲ್ಲಿ ತಳ್ಳಿದರೆ ಗಟ್ಟಿಯಾಗಿ, ನಿಧಾನಕ್ಕೆ ವಾಲುತ್ತದೆ, ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ. ಇದು ಬೀಳೋಕೆ ಬಂದ ಹಾಲುಹಲ್ಲಿನ ಹಾಗೆ ಎಲ್ಲಾ ಕಡೆ ತೂಗಾಡುತ್ತಿತ್ತು, ಮೇಲೆ ಕೆಳಗೆ ಎಳೆದರೂ ಕಟಕ್ ಕಟಕ್. ರಬ್ಬರ್ ಬೂಟಿನಲ್ಲಿ ಒಂದು ಉದ್ದ ಸೀಳು. ಬೂಟ್ ಸರಿಸಿ ನೋಡಿದರೆ ಒಳಗೆ ಗ್ರೀಸ್ ಅಂತ ಇರಲೇ ಇಲ್ಲ, ನೀರು ಸೇರಿದ ಕೆಂಪು ಮಣ್ಣಿನ ಪೇಸ್ಟ್ ಇತ್ತು, ಬೆರಳಲ್ಲಿ ಉಜ್ಜಿದರೆ ಮರಳು ತಾಗುತ್ತಿತ್ತು. ಅಪ್ಪ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಅವರ ಕಾಲದ ಬಸ್ಸುಗಳಲ್ಲಿ ಈ ಜಾಯಿಂಟಿಗೆ ನಿಪ್ಪಲ್ ಇರುತ್ತಿತ್ತಂತೆ, ಡಿಪೋದಲ್ಲಿ ಗ್ರೀಸ್ ಗನ್ ಹಿಡಿದು ತುಂಬುತ್ತಿದ್ದರಂತೆ. ಈಗಿನ ಚಿಕ್ಕ ಕಾರುಗಳದ್ದು ಸೀಲ್ ಮಾಡಿದ ಎಂಡ್, ಬೂಟ್ ಹರಿಯಿತು ಅಂದರೆ ಅಲ್ಲಿಗೆ ಅದರ ಆಯಸ್ಸು ಮುಗಿದ ಹಾಗೇ. ಹಾಗಾಗಿ ಟಯರ್ ಬಿಚ್ಚಿದಾಗಲೆಲ್ಲ ಒಂದು ಸಲ ಬೂಟ್ ನೋಡಿಬಿಡಿ, ಅರ್ಧ ನಿಮಿಷದ ಕೆಲಸ.

ಹಾಕೋದು ಸುಲಭ. ರಾಡಿನ ಥ್ರೆಡ್ ತಂತಿ ಬ್ರಷ್‌ನಿಂದ ಉಜ್ಜಿ ತುಸು ಗ್ರೀಸ್ ಸವರಿದೆ. ಆದರೆ ಸ್ಟಡ್ಡಿನ ಸಣ್ಣಗಾಗುತ್ತಾ ಹೋಗೋ ಭಾಗಕ್ಕೂ ಆರ್ಮಿನ ತೂತಿಗೂ ಗ್ರೀಸ್ ಬೇಡ, ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ ಹಾಗೇ ಕೂರಿಸಬೇಕು. ಎಣಿಸಿದಷ್ಟೇ ಸುತ್ತು, ಆಮೇಲೆ ಅಳತೆ ನೋಡಿ ಸರಿಪಡಿಸೋದು. ಸ್ಟಡ್ಡಿನ ನಟ್ಟನ್ನು ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಆಯಿತು ಅಂತ ಅಳೆಯೋ ಸ್ಪ್ಯಾನರ್) ಸರ್ವಿಸ್ ಮ್ಯಾನುಯಲ್ ಹೇಳಿದಷ್ಟು ಬಿಗಿ ಮಾಡಿ. ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಕಚ್ಚಿಗೆ ಸರಿಯಾಗಿ ಸಿಗದಿದ್ದರೆ ಇನ್ನೊಂಚೂರು ಬಿಗಿ ಮಾಡಿ ಸೇರಿಸಿ, ಯಾವತ್ತೂ ಸಡಿಲ ಮಾಡಿ ಸೇರಿಸಬೇಡಿ. ಪಿನ್ ಹೊಸದೇ ಹಾಕಿ. ನಾಲ್ಕೈದು ರೂಪಾಯಿಯ ಪಿನ್ ಅದು, ಆದರೆ ನಟ್ ಬಿಚ್ಚಿಕೊಳ್ಳದ ಹಾಗೆ ಕಾಯೋದು ಅದೇ.

ಬಲಗಡೆ ಪುಲ್ಲರಿನ ಕೊರತೆ ಕಾಣಿಸಿತು. ದವಡೆ ತುಸು ದಪ್ಪ. ಬೂಟಿಗೂ ಆರ್ಮಿಗೂ ನಡುವೆ ಇರೋ ಸಂದಿಗೆ ನೇರವಾಗಿ ಇಳಿಯಲಿಲ್ಲ, ಹಿಂದೆ ಬ್ರೇಕ್ ಡಿಸ್ಕಿನ ತಗಡೂ ಅಡ್ಡ ಬಂತು. ಸ್ಟೀರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿ ಜಾಗ ಮಾಡಿಕೊಂಡು, ಓರೆಯಾಗಿ ತೂರಿಸಿ, ಆಮೇಲೆ ನೇರ ಮಾಡಬೇಕಾಯಿತು. ಈ ಗುದ್ದಾಟದಲ್ಲಿ ಬೂಟಿಗೆ ಒಂದು ಗಾಯ ಆಯಿತು, ಹಳೆಯದು ಅಂತ ಚಿಂತೆ ಇರಲಿಲ್ಲ. ಇನ್ನೊಂದು, ಬೋಲ್ಟಿಗೆ ಕಂಪನಿಯವರು ಎಣ್ಣೆ ಗ್ರೀಸ್ ಏನೂ ಹಾಕಿರುವುದಿಲ್ಲ. ಒಣ ಥ್ರೆಡ್ಡಿನಲ್ಲಿ ಇಷ್ಟು ಬಲ ಹಾಕಿದರೆ ಪುಲ್ಲರಿನ ಥ್ರೆಡ್ಡೇ ಕಿತ್ತು ಹೋಗುತ್ತದೆ. ಮೊದಲೇ ಚೆನ್ನಾಗಿ ಗ್ರೀಸ್ ಹಚ್ಚಿಕೊಳ್ಳಿ. ಕಪ್ಪು ಬಣ್ಣ ಮೊದಲ ದಿನವೇ ಉದುರಿತು. ಹೇಗೆ ಬಳಸೋದು ಅಂತ ಒಂದು ಚೀಟಿಯೂ ಇಲ್ಲ, ಹೊಸಬರಿಗೆ ಒಂದು ಚಿತ್ರವಾದರೂ ಹಾಕಬೇಕಿತ್ತು. ಇಷ್ಟು ಬಿಟ್ಟರೆ ದವಡೆ ಬಾಗಿಲ್ಲ, ಬೋಲ್ಟ್ ಸೊಟ್ಟ ಆಗಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ತಗೊಳ್ಳುವಾಗ ದವಡೆಯ ಬಾಯಿ ಎಷ್ಟು ಅಗಲ ತೆರೆಯುತ್ತದೆ ಅಂತ ಅಂಗಡಿಯಲ್ಲೇ ನೋಡಿ, ಇನ್ನೋವಾ, ಬೊಲೆರೊ ಥರದ ದೊಡ್ಡ ಗಾಡಿ ಇದ್ದರೆ ಇದರ ದೊಡ್ಡ ಸೈಜೇ ಬೇಕಾಗುತ್ತದೆ.

ಎರಡೂ ಕಡೆ ಸೇರಿ ನಾಲ್ಕು ಗಂಟೆ ಹಿಡಿಯಿತು. ವೀಲ್ ನಟ್ ಮ್ಯಾನುಯಲ್ ಪ್ರಕಾರ 85 ನ್ಯೂಟನ್ ಮೀಟರ್, ಅದನ್ನೂ ರೆಂಚಿನಲ್ಲೇ ಬಿಗಿ ಮಾಡಿದೆ. ಮರುದಿನ ಬೆಳಿಗ್ಗೆ ನಿಧಾನವಾಗಿ ಓಡಿಸಿಕೊಂಡು ವೀಲ್ ಅಲೈನ್‌ಮೆಂಟಿಗೆ ಹೋದೆ. ಇದನ್ನು ಬಿಡಲೇಬೇಡಿ. ಎಷ್ಟೇ ಎಣಿಸಿ ಅಳೆದರೂ ಮನೆಯಲ್ಲಿ ಮಾಡಿದ್ದು ಅಂದಾಜು, ಅಲ್ಲಿಯವರೆಗೆ ಗಾಡಿ ಓಡಿಸಲು ಸಾಕಾಗುವಷ್ಟು ಮಾತ್ರ. ನನ್ನದರಲ್ಲಿ ಎಡಗಡೆ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ಒಂಚೂರು ಹೊರಗೆ ಹೋಗಿತ್ತು, ಸ್ಟೀರಿಂಗ್ ನೇರ ಹಿಡಿದರೆ ಅದರ ಲೋಗೋ ಸ್ವಲ್ಪ ವಾಲಿದ ಹಾಗೆ ಕಾಣುತ್ತಿತ್ತು. ಅಲ್ಲಿನ ಹುಡುಗ ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸುವಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ. ರಾಡ್ ತಿರುಗಿಸೋ ಮೊದಲು ಬೆಲ್ಲೋಸಿನ ಕ್ಲಿಪ್ ಸಡಿಲ ಮಾಡಬೇಕು, ಇಲ್ಲದಿದ್ದರೆ ಬೆಲ್ಲೋಸ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಮುಂದೆ ಹರಿಯುತ್ತದೆ. ಅವನು ಹೇಳದೇ ಮಾಡಿದ, ಖುಷಿಯಾಯಿತು. 400 ರೂಪಾಯಿ ತಗೊಂಡರು, ಮೊದಲು ಹೇಗಿತ್ತು ಈಗ ಹೇಗಿದೆ ಅಂತ ಪ್ರಿಂಟ್ ಕೂಡ ಕೊಟ್ಟರು. ಆ ಪ್ರಿಂಟ್ ಕೇಳಿ ತಗೊಳ್ಳಿ.

ಒಟ್ಟು ಖರ್ಚು ಪುಲ್ಲರ್ ಸೇರಿ 2,190, ಪಿನ್ ಎಣ್ಣೆ ಬೇರೆ. ಜಾಕ್ ಸ್ಟ್ಯಾಂಡ್ ಮತ್ತು ಟಾರ್ಕ್ ರೆಂಚ್ ನನ್ನ ಹತ್ತಿರ ಮೊದಲೇ ಇದ್ದವು. ಇಲ್ಲದವರು ಮೊದಲು ಆ ಎರಡನ್ನು ತಗೊಳ್ಳಿ ಅಥವಾ ಗೊತ್ತಿರೋ ಮೆಕ್ಯಾನಿಕ್ ಹತ್ತಿರ ಎಂಡ್ ಮಾತ್ರ ಕೊಟ್ಟು ಹಾಕಿಸಿ. ನಟ್ ಎಷ್ಟು ಬಿಗಿ ಆಯಿತು ಅಂತ ಅನುಮಾನ ಇಟ್ಟುಕೊಂಡು ಗಾಡಿ ಓಡಿಸೋದು ಬೇಡ.

ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಎತ್ತಿ ನೋಡಿದೆ. ಲಾಕ್ ನಟ್ ಅಲುಗಿರಲಿಲ್ಲ, ಬೂಟಿನಿಂದ ಗ್ರೀಸ್ ಸೋರಿರಲಿಲ್ಲ. ಹೋದ ವಾರ ಮತ್ತೆ ಆಗುಂಬೆ ಇಳಿದೆವು. ಅಪ್ಪ ಪಕ್ಕದಲ್ಲೇ ಕೂತು ಪ್ರತಿ ತಿರುವಿನಲ್ಲೂ ಕಿವಿ ಕೊಟ್ಟು ಕೇಳುತ್ತಿದ್ದರು. ಸೋಮೇಶ್ವರ ಬಂದಾಗ ಕಾಫಿಗೆ ನಿಲ್ಲಿಸೋಣವಾ ಅಂತ ಕೇಳಿದೆ. "ಬೇಡ, ಉಡುಪಿಗೇ ಹೋಗೋಣ ನಡಿ" ಅಂದರು.